ಕಾಲಿಗೆ ಗೊತ್ತಿದ್ದ ನಕ್ಷೆ

ಬೀದಿಯ ಅಂದಚಂದ, ಗದ್ದಲ, ನೆಮ್ಮದಿಗಳನ್ನು ನಕ್ಷೆಗೆ ಇಳಿಸುವುದು ಹೊಸ ವಿದ್ಯೆ ಎಂಬ ಮಾತಿದೆ. 1960ರಲ್ಲಿ ಹೊರಬಂದ ತನ್ನ ಪುಸ್ತಕಕ್ಕಾಗಿ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್ನಿನ ಜನರ ಮನಸ್ಸಿನಲ್ಲಿದ್ದ ಊರನ್ನು ಅವರಿಂದಲೇ ಬರೆಸಿದ. 2014ರಲ್ಲಿ ಸಂಶೋಧಕರು ಲಂಡನ್ನಿನ ಬೀದಿಗಳ ಚಿತ್ರಗಳನ್ನು ಜನರಿಂದ ತೂಗಿಸಿ, ಹತ್ತಿರದ ದಾರಿಯ ಬದಲು ಹಿತವಾದ ದಾರಿ ತೋರಿಸುವ ಲೆಕ್ಕ ಕಟ್ಟಿದರು. ಆದರೆ ನಡೆಯುವವರಿಗಾಗಿ ದಾರಿಯ ಹದವನ್ನು ಗುರುತಿಸುವ ಕೆಲಸ ಬೆಳಗಾವಿ ಜಿಲ್ಲೆಯ ಶಿರಗುಪ್ಪಿಯ ಸೀಮೆಗೆ ಹೊಸದಲ್ಲ. ಇಲ್ಲಿಗೆ ದೂರವಲ್ಲದ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಶಿತೋಳೆ ಸರದಾರರ ಮನೆತನದ ಕುದುರೆಗಳು ಪ್ರತಿವರ್ಷ ನಡೆದೇ ಪುಣೆ ಬಳಿಯ ಆಳಂದಿ ಸೇರುತ್ತವೆ. ಅಲ್ಲಿಂದ ಸಂತ ಜ್ಞಾನೇಶ್ವರರ ಪಾಲಖಿಯ, ಅಂದರೆ ಪಲ್ಲಕ್ಕಿಯ, ಜೊತೆ ಪಂಢರಪುರಕ್ಕೆ ಹೋಗುತ್ತವೆ. ಹೈಬತಬಾಬಾ ಅರಫಳಕರರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಕೊಟ್ಟ ಕ್ರಮವಿದು.

ಆ ಕ್ರಮದ ತಿರುಳು ಮುಕ್ಕಾಂ ಮತ್ತು ವಿಸಾವಾಗಳಲ್ಲಿದೆ: ರಾತ್ರಿ ತಂಗುವುದೆಲ್ಲಿ, ನಡುವೆ ಕೂತು ದಣಿವಾರಿಸಿಕೊಳ್ಳುವುದೆಲ್ಲಿ. ಪುಣೆಯ ಭವಾನಿ ಪೇಟೆಯಲ್ಲಿ ಪಾಲಖಿ ಸಾಮಾನ್ಯವಾಗಿ ಎರಡು ರಾತ್ರಿ ನಿಲ್ಲುತ್ತದೆ. ಅಲ್ಲಿಂದ ಹೊರಟ ದಿನದ ದಾರಿ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರು, ಅದರಲ್ಲಿ ದಿವೆ ಘಾಟದ ಏರು. ಘಾಟ ಹತ್ತಿದ ಮೇಲೆ ಸಾಸವಡದಲ್ಲಿ ಮತ್ತೆ ಎರಡು ರಾತ್ರಿ. ಕಾಗದದ ಮೇಲೆ ಗೆರೆ ಎಳೆದವನಿಗಿಂತ ದಣಿದ ಕಾಲೇ ಈ ಲೆಕ್ಕವನ್ನು ಹಾಕಿದಂತಿದೆ.

ಸಾಸವಡದಲ್ಲಿ ನಿಲ್ಲುವುದು ದಣಿವಿಗಲ್ಲ, ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಗಾಗಿ ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜವೇ. ಆದರೆ ಭಕ್ತಿ, ದಣಿವು ಎರಡೂ ಒಂದೇ ತಾವಿನಲ್ಲಿ ಕೂಡುವುದರಿಂದಲೇ ಆ ಊರಿಗೊಂದು ಹದ ಬಂದಿದೆ. ಎರಡನ್ನು ಬೇರ್ಪಡಿಸಿ ಅಳೆದರೆ ಉಳಿಯುವುದು ಬರೀ ದೂರ. ಯಾತ್ರಿಕ ಬೇರೆ, ಪ್ರವಾಸಿ ಬೇರೆ ಎಂಬುದು ಇನ್ನೊಂದು ಆಕ್ಷೇಪ. ಅದರಲ್ಲೂ ಹುರುಳಿದೆ: ಪಂಢರಪುರಕ್ಕೆ ನಡೆಯುವ ವಾರಕರಿಗೆ ತಾಳವಿದೆ, ಹಿಂದೆಮುಂದೆ ದಿಂಡಿಯ ತಂಡವಿದೆ, ಪ್ರವಾಸಿ ಒಂಟಿ. ಹಾಗಿದ್ದರೂ ನೀರು, ನೆರಳು, ಜ್ಯೇಷ್ಠದ ಮಳೆ ಇಬ್ಬರಿಗೂ ಒಂದೇ. ಲಂಡನ್ನಿನ ಚಿತ್ರ ನೋಡಿ ಅಂಕ ಕೊಟ್ಟವರಿಗೆ ಬೀದಿಯ ಚೆಲುವು ಕಂಡೀತು, ಮಧ್ಯಾಹ್ನ ಎರಡು ಗಂಟೆಯ ಡಾಂಬರು ಕಾಣದು.

ಹಾಗಾಗಿ ಇದೇ ಸೀಮೆಯ ಅಥಣಿ, ನಿಪ್ಪಾಣಿಗಳ ಪೇಟೆಗೆ ಪ್ರವಾಸಿಗಳಿಗಾಗಿ ನಡಿಗೆಯ ನಕ್ಷೆ ಮಾಡಹೊರಟವರು ಗುಡಿ, ವಾಡೆಗಳ ಪಟ್ಟಿಗೆ ಮೊದಲು ಪ್ರತಿ ಓಣಿಗೂ ಹೊತ್ತು, ನೆರಳು, ಕುಡಿಯುವ ನೀರು ಬರೆಯಲಿ. ಬರೆಯುವ ಮೊದಲು ಪಂಢರಪುರಕ್ಕೆ ನಡೆದುಬಂದವರನ್ನು ಕೇಳಲಿ.