ಬಿಟ್ಟುಹೋದ ಒಂದು 'ದಿ'

ಇಂಗ್ಲಿಷಿನ 'ದಿ' ನಮಗೆ ಯಾವತ್ತೂ ತಲೆನೋವೇ. ಕನ್ನಡದಲ್ಲಿ ಅಂಥ ಪದವೇ ಇಲ್ಲವಲ್ಲ! ಇಂಥದ್ದೇ ಅಂತ ಗೊತ್ತಿದ್ದರೆ 'ದಿ' ಹಾಕಿ ಅಂತ ಮೇಷ್ಟ್ರು ಹೇಳಿಕೊಟ್ಟದ್ದು. ಈ ಪುಟಾಣಿ ಪದಕ್ಕೆ ದೇಶದೇಶಗಳೇ ಜಗಳಕ್ಕೆ ಬಿದ್ದದ್ದುಂಟು.

1967ರ ಜೂನ್‌ನಲ್ಲಿ ಆರೇ ದಿನದ ಯುದ್ಧದಲ್ಲಿ ಇಸ್ರೇಲ್ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗೋಲನ್ ಎಲ್ಲವನ್ನೂ ಹಿಡಿಯಿತು. ನವೆಂಬರ್ 22ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಕರಡು ಬ್ರಿಟನ್ನಿನ ಲಾರ್ಡ್ ಕ್ಯಾರಡನ್ ಮಂಡಿಸಿದ್ದು. ಸೇನೆ ಹಿಂದೆ ಸರಿಯಬೇಕು, ಸರಿ. ಎಲ್ಲಿಂದ? ಬರೀ 'ಟೆರಿಟರೀಸ್'ನಿಂದ, 'ದಿ ಟೆರಿಟರೀಸ್'ನಿಂದ ಅಲ್ಲ!

'ದಿ' ಇಲ್ಲ, ಹಾಗಾಗಿ ಎಲ್ಲವನ್ನೂ ಬಿಡಬೇಕಿಲ್ಲ ಅಂತ ಇಸ್ರೇಲ್. ಫ್ರೆಂಚ್ ಪ್ರತಿ ನೋಡಿ, ಅದರಲ್ಲಿ ಇದೆ ಅಂತ ಅರಬರು. (ಫ್ರೆಂಚಿನ 'ದೇ'ಯೊಳಗೆ 'ಇಂದ', 'ದಿ' ಎರಡೂ ಅಡಗಿವೆ.) ಇದು ಕೈತಪ್ಪಿ ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.. ಒಬ್ಬೊಬ್ಬರೂ ತಮಗೆ ಬೇಕಾದಂತೆ ಓದಿಕೊಂಡು ಕೈಯೆತ್ತಲಿ ಅಂತ. ಆಗ ಮಂಡಳಿಯಲ್ಲಿದ್ದ ಭಾರತದ ಪರವಾಗಿ ಜಿ. ಪಾರ್ಥಸಾರಥಿಯವರು, ಎಲ್ಲ ಪ್ರದೇಶಗಳಿಂದಲೂ ಅಂತಲೇ ನಮ್ಮ ತಿಳಿವಳಿಕೆ ಎಂದು ಹೇಳಿಯೇ ಮತ ಹಾಕಿದರು. ಅದೇ ನಿರ್ಣಯದ ಪೀಠಿಕೆಯಲ್ಲಿ ಯುದ್ಧದಿಂದ ನೆಲ ಗಳಿಸುವುದು ಒಪ್ಪತಕ್ಕದ್ದಲ್ಲ ಅಂತ ಇರುವಾಗ, 'ದಿ' ಇದ್ದರೇನು ಬಿಟ್ಟರೇನು ಅನ್ನೋದು ನನ್ನ ವಾದ.

ಸಿನಾಯ್ 1982ರಲ್ಲಿ ಈಜಿಪ್ಟಿಗೆ ಮರಳಿತು. ಪಶ್ಚಿಮ ದಂಡೆ, ಗೋಲನ್ ಇನ್ನೂ ಇಸ್ರೇಲಿನ ಹಿಡಿತದಲ್ಲೇ ಇವೆ.