ಗಾಳಿಯನ್ನು ಲೆಕ್ಕಕ್ಕೆ ಹಿಡಿಯದ ಹಾರಾಟ

ವಿಮಾನದ ಇತಿಹಾಸ ಎಂದೊಡನೆ ನಿಮಗೆ 1903ರ ಡಿಸೆಂಬರ್ 17 ನೆನಪಾಗಬಹುದು. ಅಂದು ಅಮೆರಿಕದ ಕಿಟ್ಟಿಹಾಕ್ ಬಳಿಯ ಕಡಲತೀರದಲ್ಲಿ ರೈಟ್ ಸಹೋದರರ ಯಂತ್ರ 12 ಸೆಕೆಂಡುಗಳ ಕಾಲ ಹಾರಿತು. ಮರುವರ್ಷ ಅವರು ಪಟ್ಟ ಪಾಡು ಹಲವರಿಗೆ ತಿಳಿಯದು.

1904ರಲ್ಲಿ ಅವರು ತಮ್ಮ ಊರು ಡೇಟನ್ ಸಮೀಪದ ಹುಲ್ಲುಗಾವಲಿನಲ್ಲಿ ಪ್ರಯೋಗ ಮುಂದುವರಿಸಿದರು. ಹೊಸ ವಿಮಾನ ನೆಲ ಬಿಟ್ಟೇಳಲು ತಿಣುಕಾಡಿತು. ಕಡಲತೀರದ ರಭಸದ ಎದುರುಗಾಳಿ ಅಲ್ಲಿರಲಿಲ್ಲ. ಜೊತೆಗೆ ಆ ಬಯಲು ಸಮುದ್ರಮಟ್ಟದಿಂದ ಸುಮಾರು 250 ಮೀಟರ್ ಎತ್ತರದಲ್ಲಿತ್ತು. ಬೇಸಿಗೆಯ ಬಿಸಿಗೆ ಗಾಳಿ ಇನ್ನಷ್ಟು ವಿರಳವಾಗಿತ್ತು. ಕೊನೆಗೆ ಸೆಪ್ಟೆಂಬರಿನಲ್ಲಿ ಅವರು ಒಂದು ಗೋಪುರ ಕಟ್ಟಿ, ಅದರ ಮೇಲಿನಿಂದ ಭಾರವನ್ನು ಬೀಳಿಸಿ, ಹಗ್ಗದ ಮೂಲಕ ವಿಮಾನವನ್ನು ಮುಂದಕ್ಕೆ ಎಳೆಯುವ ಉಪಾಯ ಹೂಡಿದರು.

ಇದರ ಹಿಂದಿನ ಭೌತವಿಜ್ಞಾನ ಸರಳ. ರೆಕ್ಕೆಯ ಮೇಲಿನ ಎತ್ತುಬಲವು ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಸಾಂದ್ರತೆ ಕಡಿಮೆಯಾದರೆ ಅಷ್ಟೇ ಭಾರವನ್ನು ಎತ್ತಲು ಹೆಚ್ಚು ವೇಗ ಬೇಕು. ಆದರೆ ಅದೇ ವಿರಳ ಗಾಳಿಯಲ್ಲಿ ಸಾಮಾನ್ಯ ಪಿಸ್ಟನ್ ಎಂಜಿನ್‌ನ ಶಕ್ತಿಯೂ ಕುಗ್ಗುತ್ತದೆ. ಬೇಡಿಕೆ ಹೆಚ್ಚುತ್ತದೆ, ಪೂರೈಕೆ ತಗ್ಗುತ್ತದೆ.

ಈಗ 1996ರ ಏಪ್ರಿಲ್ 11ಕ್ಕೆ ಬನ್ನಿ. ಅಮೆರಿಕವನ್ನು ವಿಮಾನದಲ್ಲಿ ದಾಟುವ ಅತಿ ಕಿರಿಯಳೆನಿಸಲು ಹೊರಟಿದ್ದ ಏಳು ವರ್ಷದ ಬಾಲಕಿ, ಅವಳ ತಂದೆ ಮತ್ತು ಹಾರಾಟದ ಶಿಕ್ಷಕ ವಯೋಮಿಂಗ್‌ನ ಶಯಾನ್ ನಿಲ್ದಾಣದಲ್ಲಿದ್ದರು. ಹಿಂದಿನ ದಿನ ಅವರು ಹೊರಟದ್ದು ಕ್ಯಾಲಿಫೋರ್ನಿಯಾದ ಕಡಲತೀರದಿಂದ. ಶಯಾನ್ ಇರುವುದಾದರೋ ಸುಮಾರು 1,875 ಮೀಟರ್ ಎತ್ತರದಲ್ಲಿ. ಅಂದಿನ ಒತ್ತಡ, ಉಷ್ಣತೆಗಳಲ್ಲಿ ಅಲ್ಲಿನ ಗಾಳಿ ಸುಮಾರು 2,030 ಮೀಟರ್ ಎತ್ತರದ ಪ್ರಮಾಣಿತ ಗಾಳಿಯಷ್ಟು ವಿರಳವಾಗಿತ್ತು. ಇದನ್ನೇ 'ಸಾಂದ್ರತಾ ಎತ್ತರ' ಎನ್ನುವುದು.

ಲೆಕ್ಕ ಹಾಕಿ ನೋಡಿ. ಆ ಎತ್ತರದಲ್ಲಿ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಸುಮಾರು ಶೇಕಡಾ 18ರಷ್ಟು ಕಡಿಮೆ. ನೆಲ ಬಿಡಲು ಬೇಕಾದ ವೇಗ ಶೇಕಡಾ 10ರಷ್ಟು ಹೆಚ್ಚು. ಎಂಜಿನ್ ಶಕ್ತಿಯ ಇಳಿಕೆಯನ್ನೂ ಸೇರಿಸಿದರೆ ನೆಲದ ಮೇಲಿನ ಓಟ ಸುಮಾರು ಒಂದೂವರೆ ಪಟ್ಟಾಗುತ್ತದೆ. ಇಷ್ಟಲ್ಲದೆ, ಸುಮಾರು 1,134 ಕಿಲೋಗ್ರಾಂ ಮಿತಿಯ ಆ ಸೆಸ್ನಾ ವಿಮಾನದಲ್ಲಿ 43 ಕಿಲೋಗ್ರಾಂನಷ್ಟು ಹೆಚ್ಚುವರಿ ಭಾರವಿತ್ತು.

ರನ್‌ವೇ ಸಾಕಷ್ಟು ಉದ್ದವಿತ್ತು. ವಿಮಾನ ನೆಲ ಬಿಟ್ಟಿತು. ಕೊರತೆಯಾದದ್ದು ಮೇಲೇರಲು ಉಳಿಯಬೇಕಾದ ಶಕ್ತಿ. ಗುಡುಗು ಮಳೆ, ಬಿರುಗಾಳಿಗಳ ನಡುವೆ ವೇಗ ಕುಸಿಯಿತು, ರೆಕ್ಕೆಗಳು ಎತ್ತುಬಲ ಕಳೆದುಕೊಂಡವು. ಮೂವರೂ ಸಾವಿಗೀಡಾದರು. ಕೆಡುತ್ತಿದ್ದ ಹವೆ, ಮಿತಿಮೀರಿದ ಭಾರ ಮತ್ತು ಪೈಲಟ್‌ಗೆ ಅಭ್ಯಾಸವಿಲ್ಲದ ಸಾಂದ್ರತಾ ಎತ್ತರ ಇದ್ದಾಗಲೂ ಹೊರಡುವ ನಿರ್ಧಾರ ತಪ್ಪೆಂದು ತನಿಖಾ ಮಂಡಳಿ ಹೇಳಿತು. ಬಿಗಿಯಾದ ವೇಳಾಪಟ್ಟಿಯೂ ಇದಕ್ಕೆ ಒತ್ತಾಸೆಯಾಗಿತ್ತು. ಅದೇ ವರ್ಷ ಅಮೆರಿಕ ಇಂಥ ದಾಖಲೆ ಯತ್ನಗಳಲ್ಲಿ ಮಕ್ಕಳು ವಿಮಾನ ನಡೆಸುವುದನ್ನು ಕಾನೂನಿನ ಮೂಲಕ ತಡೆಯಿತು.

ವಿಮಾನದ ಕೈಪಿಡಿಯಲ್ಲಿ ಎತ್ತರ, ಉಷ್ಣತೆ, ಭಾರಗಳಿಗೆ ತಕ್ಕ ಓಟದ ದೂರ ಮತ್ತು ಏರುವ ದರದ ಕೋಷ್ಟಕಗಳಿರುತ್ತವೆ. ಹೊರಡುವ ಮುನ್ನ ಅವನ್ನು ನೋಡಲು ಕೆಲವು ನಿಮಿಷ ಸಾಕು. ಗಾಳಿಯ ವಿರಳತೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಿಸುವುದು ಈ ಲೆಕ್ಕ ಮಾತ್ರ. ಅಧ್ಯಾಪಕರೇ, ಆದರ್ಶ ಅನಿಲದ ಸಮೀಕರಣವನ್ನು ಬೋಧಿಸುವ ದಿನ ಶಯಾನ್‌ನ ಈ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ಆ ಸಮೀಕರಣದ ಮೇಲೆ ಮೂರು ಜೀವಗಳು ನಿಂತಿದ್ದವೆಂದು ವಿದ್ಯಾರ್ಥಿಗಳು ಮರೆಯಲಾರರು.