ಗೋದಾವರಿಯ ಆಚೀಚೆ ಕನ್ನಡ ಲಿಪಿ: ಮುಕ್ತ ಫಾಂಟುಗಳ ಇತಿಹಾಸ

ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಗುರುತಿಸಿದೆ. ಆ ನದಿ ನಾಸಿಕ ಜಿಲ್ಲೆಯ ತ್ರ್ಯಂಬಕದಲ್ಲಿ ಹುಟ್ಟಿ, 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟಿ ಹರಿಯುತ್ತದೆ. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸನಾಥ ದೇವಾಲಯವಿರುವುದೂ ಇದೇ ಜಿಲ್ಲೆಯಲ್ಲಿ. ಆದುದರಿಂದ ಈ ಪ್ರದೇಶದ ಇತಿಹಾಸವನ್ನು ಶೋಧಿಸುವವರಿಗೆ ಹಳಗನ್ನಡದ ಪಠ್ಯಗಳು ಅನಿವಾರ್ಯ. ಆ ಪಠ್ಯಗಳನ್ನು ಗಣಕದಲ್ಲಿ ಓದಲು ಮೊದಲು ಬೇಕಾಗುವುದು ಫಾಂಟು. ಲಿನಕ್ಸಿನಂಥ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕನ್ನಡ ಫಾಂಟುಗಳು ನೆಲೆಗೊಂಡ ಬಗೆಯನ್ನೂ ಪಠ್ಯಸಂಪಾದನೆಗೆ ಅದರಿಂದ ಒದಗಿದ ಪರಿಣಾಮವನ್ನೂ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ನಾಸಿಕದಲ್ಲಿ ಕನ್ನಡ ಅಕ್ಷರಗಳ ಮುದ್ರಣ ಹೊಸದೇನಲ್ಲ. 1928ರಲ್ಲಿ ಸ್ಥಾಪನೆಗೊಂಡ ಅಲ್ಲಿಯ ಕರೆನ್ಸಿ ನೋಟ್ ಪ್ರೆಸ್ಸಿನಲ್ಲಿ ಅಚ್ಚಾಗುವ ನೋಟುಗಳ ಹಿಂಬದಿಯ ಭಾಷಾಫಲಕದಲ್ಲಿ 15 ಭಾಷೆಗಳಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಆದರೆ ನೋಟಿನ ಮೇಲಿನ ಕನ್ನಡ ಸ್ಥಿರವಾದ ಚಿತ್ರ. ಸಂಶೋಧಕನಿಗೆ ಬೇಕಾದುದು ಹುಡುಕಲು, ಹೋಲಿಸಲು, ಪದಸೂಚಿ ತಯಾರಿಸಲು ಒದಗುವ ಪಠ್ಯ.

ಗಣಕದ ಮೊದಲ ಘಟ್ಟದಲ್ಲಿ ಇಂಥ ಪಠ್ಯ ದೊರೆಯಲಿಲ್ಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲವೂ ಕನ್ನಡದ ಬರವಣಿಗೆಗೆ ಮಹದುಪಕಾರ ಮಾಡಿದವು. ಆದರೆ ಆ ಕಾಲದ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಅಂಥ ಕಡತವನ್ನು ಅದೇ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟು ಕಳೆದುಹೋದರೆ ಪಠ್ಯವೂ ಕಳೆದುಹೋದಂತೆಯೇ.

ಈ ಸ್ಥಿತಿಯನ್ನು ಬದಲಿಸಿದುದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗ ಲಭಿಸಿತು. ಇಲ್ಲಿ ಸಂಕೇತ ಸೂಚಿಸುವುದು ಅಕ್ಷರವನ್ನು. ಆಕಾರವನ್ನು ಕೊಡುವುದು ಫಾಂಟಿನ ಕೆಲಸ. ಉದಾಹರಣೆಗೆ ‘ಸ್ತ್ರೀ’ ಎಂಬುದು ಆರು ಸಂಕೇತಗಳ ಸಾಲು. ಅದನ್ನು ಒತ್ತಕ್ಷರಗಳೊಡನೆ ಒಂದು ರೂಪಕ್ಕೆ ತರುವ ನಿಯಮಗಳು ಫಾಂಟಿನೊಳಗಿರುತ್ತವೆ; ಲಿನಕ್ಸಿನಲ್ಲಿ ಆ ನಿಯಮಗಳನ್ನು ಜಾರಿಗೆ ತರುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ.

ಮುಕ್ತ ಫಾಂಟುಗಳ ಇತಿಹಾಸದಲ್ಲಿ ಮಹಾರಾಷ್ಟ್ರದ ಪಾತ್ರ ಗಮನಾರ್ಹ. ರೆಡ್ ಹ್ಯಾಟ್ ಸಂಸ್ಥೆ ಬಿಡುಗಡೆ ಮಾಡಿದ ಲೋಹಿತ್ ಫಾಂಟುಗಳನ್ನು ಒದಗಿಸಿದುದು ಮೇಲೆ ಹೇಳಿದ ಪುಣೆಯ ಸಂಸ್ಥೆಯೇ. 2011ರಲ್ಲಿ ಅವು ಮುಕ್ತ ಫಾಂಟು ಪರವಾನಗಿಗೆ ಒಳಪಟ್ಟವು. ಡೆಬಿಯನ್ ವ್ಯವಸ್ಥೆಯಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದೇ ಕಟ್ಟನ್ನು ಅನುಸ್ಥಾಪಿಸಿದರೆ ಲೋಹಿತ್, ಗುಬ್ಬಿ, ನವಿಲು ಎಂಬ ಮೂರೂ ದೊರೆಯುತ್ತವೆ. ಬೇರೆ ಫಾಂಟು ಬೇಕಾದಲ್ಲಿ ಅದರ ಕಡತವನ್ನು ಬಳಕೆದಾರನ ಫಾಂಟುಗಳ ಕೋಶದಲ್ಲಿಟ್ಟು ‘ಎಫ್‌ಸಿ-ಕ್ಯಾಶ್’ ಆದೇಶದಿಂದ ಪಟ್ಟಿಯನ್ನು ನವೀಕರಿಸಿದರೆ ಸಾಕು. ಸಂಸ್ಥೆಯ ಗಣಕವಾದರೂ ಆಡಳಿತಾಧಿಕಾರಿಯ ಅನುಮತಿ ಬೇಕಾಗುವುದಿಲ್ಲ.

ಪಠ್ಯಸಂಪಾದಕನು ಇಲ್ಲಿ ಎಚ್ಚರ ವಹಿಸಬೇಕು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದುದು ಈ ಭೇದವನ್ನು ಉಳಿಸುವುದಕ್ಕಾಗಿಯೇ. ಯೂನಿಕೋಡಿನಲ್ಲಿ ಎರಡೂ ಅಕ್ಷರಗಳಿಗೆ ಸ್ಥಾನವಿದೆ. ಆದರೆ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದು, ತಿದ್ದುಪಡಿ ಪರ್ಯಾಯನಾಮವಾಗಿ ಸೇರಿದೆ. ಅವಗ್ರಹ 2003ರಲ್ಲಿಯೂ ಶಾಸನಗಳ ಸಿದ್ಧಂ ಚಿಹ್ನೆ 2018ರಲ್ಲಿಯೂ ನಕಾರಪೊಲ್ಲು 2021ರಲ್ಲಿಯೂ ಸೇರ್ಪಡೆಯಾದವು. ಆಯಾ ವರ್ಷಕ್ಕೆ ಮೊದಲೇ ನಿಂತುಹೋದ ಫಾಂಟುಗಳಲ್ಲಿ ಇವುಗಳನ್ನು ನಿರೀಕ್ಷಿಸಲಾಗದು. ಫಾಂಟಿನಲ್ಲಿಲ್ಲದ ಅಕ್ಷರದ ಸ್ಥಾನದಲ್ಲಿ ಬರಿಯ ಚೌಕ ಕಾಣುತ್ತದೆ. ಅದನ್ನು ನಿವಾರಿಸಲು ೞಕಾರಕ್ಕೆ ಬದಲಾಗಿ ಳಕಾರವನ್ನು ಒತ್ತಿದರೆ ಓಲೆಯ ಲಿಪಿಕಾರನ ಸ್ಖಾಲಿತ್ಯವೇ ಗಣಕದಲ್ಲಿ ಮರುಕಳಿಸಿದಂತಾಗುತ್ತದೆ.

ಈ ಹಿನ್ನೆಲೆಯಲ್ಲಿ ಹೊರನಾಡಿನ ಸಂಶೋಧಕರಿಗೆ ಮೂರು ಸೂಚನೆಗಳನ್ನು ಮುಂದಿಡುತ್ತೇವೆ. ಹಳೆಯ ಫಾಂಟುಗಳಲ್ಲಿರುವ ಕಡತಗಳನ್ನು, ಆ ಫಾಂಟುಗಳು ದೊರೆಯುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ ಮೂಲದೊಡನೆ ತಾಳೆನೋಡಬೇಕು. ಸಂಪಾದಿತ ಪಠ್ಯದ ಪೀಠಿಕೆಯಲ್ಲಿ ಪ್ರತಿಗಳ ವಿವರದೊಡನೆ ಬಳಸಿದ ಫಾಂಟಿನ ಹೆಸರನ್ನೂ ಆವೃತ್ತಿಯನ್ನೂ ನಮೂದಿಸಬೇಕು. ಪಠ್ಯದ ಜೊತೆಗೆ ಫಾಂಟನ್ನೂ ಸಂಗ್ರಹದಲ್ಲಿಡಬೇಕು. ಮುಕ್ತ ಪರವಾನಗಿ ಇದಕ್ಕೆ ಅವಕಾಶ ಕೊಡುತ್ತದೆ. ಇಷ್ಟಾದರೆ ಧಾರವಾಡದಲ್ಲಿ ಸಿದ್ಧವಾದ ಪಠ್ಯವನ್ನು ನಾಸಿಕದಲ್ಲಿ ಕುಳಿತವರೂ ಅಕ್ಷರಲೋಪವಿಲ್ಲದೆ ಓದಬಹುದು.